ಜಾರಿದ ಸಾಲು

ಅವ್ವಾ,

ಹರಿಹರದ ನಿನ್ನ ಲ್ಯಾಬಿಗೆ ನಾನು ಬರೆದ ಸಾಫ್ಟ್‌ವೇರ್ ಹಾಕಿಕೊಟ್ಟ ದಿನ ನೀನು ಹಬ್ಬದ ಸೀರೆ ಉಟ್ಟುಕೊಂಡು ಹೋಗಿದ್ದೆ, ನೆನಪಿದೆಯಾ? ಮೇಲೆ ಬಿಳಿ ಕೋಟು ಹಾಕಿಕೊಂಡರೆ ಸೀರೆ ಯಾರಿಗೆ ಕಾಣುತ್ತದೆ ಎಂದು ನಾನು ನಕ್ಕಿದ್ದೆ. ಇಪ್ಪತ್ತೆರಡು ವರ್ಷ ಅದೇ ಮೂಲೆಯಲ್ಲಿ ಕೂತು ರಕ್ತ, ಮೂತ್ರ ಪರೀಕ್ಷೆ ಮಾಡಿ, ಫಲಿತಾಂಶವನ್ನು ಉದ್ದನೆಯ ರಿಜಿಸ್ಟರಿನಲ್ಲಿ ಕೈಯಾರೆ ಬರೆದವಳು ನೀನು. ನಾನು ದಾವಣಗೆರೆಯಲ್ಲಿ, ಶಾಮನೂರು ಕಡೆಯ ಒಂದು ಸಣ್ಣ ಕಂಪನಿಯಲ್ಲಿ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವವಳು. ನಮ್ಮದನ್ನೇ ತರಿಸಿ ಎಂದು ಲ್ಯಾಬ್ ನಡೆಸುವ ನಿನ್ನ ಡಾಕ್ಟರಿಗೆ ಹೇಳಿದವಳೂ ನೀನೇ. ಅವತ್ತು ರಕ್ತ ಕೊಡಲು ಬಂದವರಿಗೆಲ್ಲ ತೋಳಿಗೆ ಪಟ್ಟಿ ಕಟ್ಟುತ್ತಾ, "ಈ ಸ್ಕ್ರೀನ್ ಐತಲ್ರಿ, ನನ್ ಮಗಳೇ ಮಾಡಿದ್ದು" ಎಂದು ಹೇಳುತ್ತಿದ್ದೆ. ಆ ಮಾತು ಈಗ ನೆನಪಾದರೆ ನನಗೆ...

ಮೊದಲ ತಿಂಗಳು ದಿನಾ ಸಂಜೆ ನೀನು ಸೊಪ್ಪು ಬಿಡಿಸುತ್ತಾ ನಿನ್ನ ದೂರುಗಳನ್ನು ಹೇಳುತ್ತಿದ್ದೆ. ಪ್ರಿಂಟ್ ಒತ್ತಿದರೆ ಇಡೀ ಸ್ಕ್ರೀನ್ ಬೆಳ್ಳಗಾಗಿ ಸತ್ತ ಹಾಗೆ ನಿಲ್ಲುತ್ತದೆ. ಉಳಿಸುವ ಬಟನ್ನು, ಅಳಿಸುವ ಬಟನ್ನು ಅಂಟಿಕೊಂಡು ಕೂತಿವೆ, ಅವಸರದಲ್ಲಿ ಕೈ ತಪ್ಪಿದರೆ ಗತಿಯೇನು? ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. "ಬಸಮ್ಮ ಹೋಗಿ ಬಸಮ ಆಗ್ಯಾಳೆ ನೋಡೇ" ಎಂದು ನೀನು ನಕ್ಕಾಗ ನನಗೂ ನಗು ಬಂದಿತ್ತು. ಮೂರನ್ನೂ ಸರಿಮಾಡಿದೆ. ಮುದ್ರಣದ ಕೆಲಸ ಹಿಂದುಗಡೆ ತನ್ನ ಪಾಡಿಗೆ ನಡೆಯಲಿ, ಪರದೆ ನಿನ್ನ ಕೈಗೆ ಸಿಗುತ್ತಿರಲಿ ಎಂದು ಬದಲಾಯಿಸಿದೆ. ಅಳಿಸುವ ಬಟನ್ನನ್ನು ದೂರದ ಮೂಲೆಗೆ ತಳ್ಳಿ, ನಿಜವಾಗಿಯೂ ಅಳಿಸಬೇಕೇ ಎಂದು ಕೇಳುವ ಹಾಗೆ ಮಾಡಿದೆ. ಸಾಲಿನ ಎತ್ತರ ಹೆಚ್ಚಿಸಿದೆ. ಇಂಥವು ಎಲ್ಲರ ಸಾಫ್ಟ್‌ವೇರಿನಲ್ಲೂ ಬರುವ ತೊಂದರೆಗಳು, ಅರ್ಧ ದಿನದ ಕೆಲಸ. ಮಾಡಿ ಮುಗಿಸಿದಾಗ ನಾನೇನೋ ದೊಡ್ಡ ಇಂಜಿನಿಯರ್ ಎನ್ನಿಸಿತ್ತು.

ನಾಲ್ಕನೆಯದನ್ನು ನೀನು ಹೇಳಿದ ದಿನ ನಾನು ಎಲ್ಲಿಗೋ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. "ಸಾಲು ತಾನೇ ಜಾರತೈತೆ ಕಣೇ. ನಾ ಒಬ್ರ ಹೆಸರು ಒತ್ತಿರ್ತೀನಿ, ಮಿಷನ್ ಕಡೆ ತಿರುಗಿ ನೋಡೋದ್ರೊಳಗೆ ಇನ್ನೊಬ್ರದಾಗಿರತೈತೆ" ಎಂದೆ ನೀನು. ಮೌಸಿಗೆ ನಿನ್ನ ಕೈ ತಾಗಿರಬೇಕು ಎಂದೆ ನಾನು. "ಮೌಸ್ ಮುಟ್ಟೇ ಇರಲ್ಲ" ಎಂದೆ ನೀನು. ಅದಕ್ಕೆ ನಾನು ಕೊಟ್ಟ ಉತ್ತರ ಕೇಳು, ನನಗೆ ಅಕ್ಷರ ಅಕ್ಷರವೂ ನೆನಪಿದೆ: "ತಾನೇ ಜಾರಾಕೆ ಅದೇನು ಹಲ್ಲಿಯೇನವ್ವಾ?" ನೀನು ನಕ್ಕೆ. ಆಮೇಲೆ ಬಹಳ ದಿನ ಆ ಮಾತು ಎತ್ತಲಿಲ್ಲ. ನಿನಗೆ ಅವಮಾನವಾಗಿರಬಹುದು ಎಂದು ನನಗೆ ಆಗ ಹೊಳೆಯಲೇ ಇಲ್ಲವಲ್ಲ, ಯಾಕೆ?

ಮಲೆಬೆನ್ನೂರಿನ ಗಂಗಮ್ಮ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಯ ಹೊತ್ತು, ಲ್ಯಾಬಿನ ತುಂಬ ಜನ. ಬೇರೆ ಯಾರದೋ ಏರಿದ ಸಕ್ಕರೆಯ ಅಂಕಿ ಗಂಗಮ್ಮನ ಹೆಸರಿಗೆ ಬಿತ್ತು. ಹೊರಗಿನ ಕೌಂಟರಿನ ಸ್ಕ್ರೀನಿನಲ್ಲಿ ವರದಿ ತಯಾರಾಗಿದೆ ಎಂದು ಕಂಡಿತು, ಪ್ರಿಂಟ್ ತೆಗೆದು ಕೊಟ್ಟುಬಿಟ್ಟರು. ಅದನ್ನು ನೋಡಿ ಆಕೆಯ ಊರಿನ ವೈದ್ಯರು ಮಾತ್ರೆ ಹೆಚ್ಚಿಸಿದರು. ಎರಡು ದಿನಕ್ಕೆ ಗಂಗಮ್ಮ ಸಕ್ಕರೆ ಇಳಿದು, ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರ ಮಗ ಲ್ಯಾಬಿಗೆ ಬಂದು ಕಾದು ಕೂತ ಜನರ ಮುಂದೆಯೇ ಕೂಗಾಡಿದ. "ಕಣ್ಣು ಕಾಣ್ದಿದ್ರೆ ಮನ್ಯಾಗೆ ಕೂಡ್ರಿ! ನಮ್ಮವ್ವನ್ನ ಕೊಲ್ಲಾಕೆ ಇಲ್ಲಿ ಕುಂತೀರೇನು?" ನೀನು ಕೈ ಮುಗಿದು ನಿಂತಿದ್ದೆಯಂತೆ. ಡಾಕ್ಟರು ಅವನ ಜೊತೆ ಸೇರಿಕೊಂಡು ನಿನ್ನನ್ನೇ ಬೈದರಂತೆ.

ಮರುದಿನ ಡಾಕ್ಟರು ನನ್ನನ್ನು ಕರೆಸಿದರು. ವಿಚಾರಣೆ ಮುಗಿಯುವವರೆಗೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹೆಸರು ಬರೆಸುವ ಕೌಂಟರ್ ಮುಚ್ಚಿಸಿದ್ದರು. ನಾನು ನಿನ್ನ ಕುರ್ಚಿಯಲ್ಲಿ ಕೂತೆ, ನೀನು ಪಕ್ಕದಲ್ಲಿ ನಿಂತಿದ್ದೆ. ಒಂದು ಹೆಸರು ಆರಿಸಿದೆ, ಕಾದೆ. ಇನ್ನೊಂದು ಆರಿಸಿದೆ, ಕಾದೆ. ಏನೂ ಜಾರಲಿಲ್ಲ. ಹತ್ತು ನಿಮಿಷ, ಅಷ್ಟೇ. ಎದ್ದು ನಿಂತು, "ಸಾಫ್ಟ್‌ವೇರ್‌ನಲ್ಲಿ ಏನೂ ತಪ್ಪಿಲ್ಲ ಸರ್, ಬಳಸುವವರ ಕಡೆಯಿಂದ ಆಗಿರಬೇಕು" ಎಂದೆ. ಬಳಸುವವರು! ಒಂಬತ್ತು ತಿಂಗಳು ಹೊತ್ತು ಹೆತ್ತವಳಿಗೆ ಎಂಥ ಹೆಸರಿಟ್ಟೆ ನೋಡು. ನೀನು ನನ್ನ ಮುಖವನ್ನು ಒಂದು ಸಲ ನೋಡಿ, "ಇರಬೌದು ಸರ್, ನಂಗೂ ವಯಸ್ಸಾತು" ಎಂದೆ. ಆ ಕ್ಷಣದಲ್ಲಿ ನಿನ್ನನ್ನು ಉಳಿಸುವುದಕ್ಕಿಂತ ನನಗೆ ಯಾವುದು ಹೆಚ್ಚು ಮುಖ್ಯವಾಗಿತ್ತು? ನಾನು ಬರೆದದ್ದು ತಪ್ಪಾಗಬಾರದು, ಅದೊಂದೇ. ಶನಿವಾರ ನಿನ್ನನ್ನು ಕೆಲಸದಿಂದ ಬಿಡಿಸಿದರು, ಬಿಳಿ ಕೋಟು ಮನೆಗೆ ಬಂತು.

ಕಣ್ಣಿನ ಡಾಕ್ಟರ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವಳೂ ನಾನೇ. ಕನ್ನಡಕದ ನಂಬರು ಹಳೆಯದೇ ಸಾಕು ಎಂದರು ಅವರು. ನೀನು ನಂಬಲಿಲ್ಲ. ಹೊಸದು ಮಾಡಿಸಿಕೊಂಡೆ. ಆಮೇಲಿನ ನಿನ್ನನ್ನು ನೆನೆಸಿಕೊಳ್ಳುವುದು ಕಷ್ಟ. ಸಾರಿಗೆ ಉಪ್ಪು ಹಾಕಿ, "ಹಾಕಿದ್ನೇನೇ? ನೋಡಿ ಹೇಳೇ" ಎನ್ನುತ್ತಿದ್ದೆ. ಗ್ಯಾಸ್ ಆರಿಸಿ ಮೂರು ಸಲ ಒಳಗೆ ಹೋಗಿ ಬರುತ್ತಿದ್ದೆ. ಸಾವಿರಾರು ಜನರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಕಣ್ಣು, ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುತ್ತಿತ್ತು. ಕಾಣದೆ ಅಲ್ಲ. ಕಂಡದ್ದರ ಮೇಲೆ ನಂಬಿಕೆ ಇರಲಿಲ್ಲ. ಒಂದು ವರ್ಷ ನೀನು ಹಾಗೇ ಬದುಕಿದೆ. ಆಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವಳು ಮೇಲೇಳಲಿಲ್ಲ.

ನೀನು ಹೋಗಿ ಎಂಟು ತಿಂಗಳಿಗೆ ದಾವಣಗೆರೆ ಪಕ್ಕದ ಕರೂರಿನ ಎಣ್ಣೆ ಕಾರ್ಖಾನೆಯಿಂದ ಫೋನ್ ಬಂತು. ಲಾರಿಯಲ್ಲಿ ಬಂದ ಎಣ್ಣೆಯ ಮಾದರಿ ಪರೀಕ್ಷಿಸುವ ಕೋಣೆಗೆ ನಮ್ಮದೇ ಸಾಫ್ಟ್‌ವೇರ್ ಕೊಟ್ಟಿದ್ದೆವು, ನಿನ್ನ ಲ್ಯಾಬಿನ ಪಟ್ಟಿಯನ್ನೇ ಹೆಸರು ಬದಲಿಸಿ ಹಾಕಿದ್ದೆ. ಅಲ್ಲಿನ ನಾಗರಾಜ ಎನ್ನುವವರು, "ಮೇಡಂ, ಸಾಲು ತಾನೇ ಜಾರತೈತ್ರಿ" ಎಂದರು. ಅದೇ ಮಾತು, ಅವ್ವಾ. ಮರುದಿನವೇ ಹೋದೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ಅವರ ಪಕ್ಕದಲ್ಲಿ ಕೂತೆ. ಗೇಟಿಗೆ ಒಂದು ಲಾರಿ ಬಂತು, ಹೊಸ ಹೆಸರು ಪಟ್ಟಿಗೆ ಸೇರಿತು, ನನ್ನ ಕಣ್ಣೆದುರೇ ಸಾಲು ಜಾರಿತು. ಗುರುತು ಪರಿಚಯವಿಲ್ಲದವರಿಗೆ ಅರ್ಧ ದಿನ ಕೊಟ್ಟೆ. ನಿನಗೆ ಹತ್ತು ನಿಮಿಷ.

ಏನಾಗಿತ್ತು ಎಂದು ಹೇಳುತ್ತೇನೆ, ನಿನಗೆ ಗೊತ್ತಾಗಲೇಬೇಕು. ಹೊಸಬರ ಹೆಸರು ಬಂದಾಗಲೆಲ್ಲ ಪಟ್ಟಿಯ ಮೇಲ್ತುದಿಗೆ ಸೇರಿ, ಉಳಿದವರು ಒಂದೊಂದು ಸಾಲು ಕೆಳಗಿಳಿಯುತ್ತಿದ್ದರು. ನಾನು ಬರೆದ ಪ್ರೋಗ್ರಾಂ ನೀನು ಆರಿಸಿದ ಮನುಷ್ಯನನ್ನು ನೆನಪಿಡುತ್ತಿರಲಿಲ್ಲ, ಮೂರನೇ ಸಾಲು ಎಂದಷ್ಟೇ ನೆನಪಿಡುತ್ತಿತ್ತು. ನೀನು ಆರಿಸಿದವರು ನಾಲ್ಕಕ್ಕೆ ಇಳಿಯುತ್ತಿದ್ದರು, ಎರಡರಲ್ಲಿದ್ದವರು ಮೂರಕ್ಕೆ ಬಂದು ನಿಲ್ಲುತ್ತಿದ್ದರು. ನಿನ್ನ ಕಣ್ಣು ಮಿಷನ್ನಿನ ಅಂಕಿಯ ಮೇಲೆ, ಬೆರಳು ಕೀಲಿಗಳ ಮೇಲೆ; ನೀನು ಒತ್ತಿದ ಅಂಕಿ ಇನ್ನೊಬ್ಬರ ಪಾಲಿಗೆ. ವಿಚಾರಣೆಯ ದಿನ ಕೌಂಟರ್ ಮುಚ್ಚಿತ್ತು, ಹೊಸಬರು ಯಾರೂ ಬರಲಿಲ್ಲ, ಅದಕ್ಕೇ ಏನೂ ಜಾರಲಿಲ್ಲ. ಸರಿಮಾಡಲು ಎಷ್ಟು ಹೊತ್ತು ಹಿಡಿಯಿತು ಗೊತ್ತಾ? ಒಂದು ಬೆಳಗು. ಸಾಲಿನ ಬದಲು ಪ್ರತಿಯೊಬ್ಬರ ನೋಂದಣಿ ಸಂಖ್ಯೆಯನ್ನು ಹಿಡಿದುಕೊಳ್ಳುವ ಹಾಗೆ ಮಾಡಿದೆ. ಬರೆಯುತ್ತಿರುವಾಗ ಪಟ್ಟಿ ಅಲುಗಾಡದ ಹಾಗೆ ಮಾಡಿದೆ. ಅಂಕಿ ತುಂಬುವ ಚೌಕದ ಪಕ್ಕದಲ್ಲೇ ಹೆಸರು ದಪ್ಪಕ್ಷರದಲ್ಲಿ ಬರುವ ಹಾಗೆ ಮಾಡಿದೆ. ಈ ಕೆಲಸದಲ್ಲಿ ಇದು ಹೊಸ ಕಾಯಿಲೆಯೇನಲ್ಲ, ಕಲಿಯುವ ಮಕ್ಕಳೂ ಮಾಡುವ ತಪ್ಪು. ನಾನು ಎಂಟು ವರ್ಷದ ಅನುಭವದವಳು.

ನಮ್ಮ ಕಂಪನಿಯ ಮಾಲೀಕರಿಗೆ ಹೇಳಿದ ದಿನ ಅವರು ಟೀ ಲೋಟ ಕೆಳಗಿಟ್ಟು ಬಾಗಿಲು ಹಾಕಿದರು. "ಸರಿಮಾಡಿದ್ದನ್ನ ಎಲ್ರಿಗೂ ಕಳ್ಸು. ಯಾಕೆ ಅಂತ ಬರಿಬ್ಯಾಡ. ಸಣ್ಣಪುಟ್ಟ ಸುಧಾರಣೆ ಅಂತ ಹಾಕು ಸಾಕು" ಎಂದರು. ಒಬ್ಬ ಹೆಂಗಸಿನ ಸೊಂಟ ಮುರಿದಿದೆ ಸರ್ ಎಂದೆ. "ಇಲ್ಲಿ ಎಂಟು ಮನೆ ನಡೀತಾವೆ ತಾಯಿ, ಅದನ್ನೂ ನೋಡು" ಎಂದರು. ಕೆಟ್ಟವರಲ್ಲ, ಹೆದರಿದ್ದರು. ನಾನು ಬರೆದೇ ಕಳಿಸಿದೆ: ಯಾವ ತಪ್ಪು, ಯಾರ ಕೈಯಿಂದ ಆದದ್ದು, ಹಳೆಯ ವರದಿಗಳನ್ನು ಯಾಕೆ ಮತ್ತೆ ನೋಡಬೇಕು, ಎಲ್ಲ. ಆ ವಾರವೇ ಅಲ್ಲಿಂದ ಹೊರಬಿದ್ದೆ. ನಿನ್ನ ಡಾಕ್ಟರ ಬಳಿ ಹೋಗಿ, ತಪ್ಪು ನಿನ್ನದಲ್ಲ ಎಂದು ಎರಡು ಸಾಲು ಬರೆದುಕೊಡಿ ಎಂದು ಕೇಳಿದೆ. ಮೊಬೈಲಿನಿಂದ ತಲೆಯೆತ್ತದೆ, "ಈಗ್ಯಾಕಮ್ಮ ಅದೆಲ್ಲ? ಅವರೇ ಇಲ್ವಲ್ಲ" ಎಂದರು. ನೀನಿಲ್ಲ ಎಂದು ನನಗೆ ತಿಳಿಸಿದ ಹಾಗಿತ್ತು.

ಮಲೆಬೆನ್ನೂರಿಗೆ ಹೋದ ಭಾನುವಾರ ಗಂಗಮ್ಮ ಕಟ್ಟೆಯ ಮೇಲೆ ಕೋಲು ಪಕ್ಕಕ್ಕಿಟ್ಟು ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ, "ಬಾರವ್ವ, ನಿಮ್ಮವ್ವ ಯಾಕ ಇಷ್ಟು ದಿನ ಆದ್ರೂ ಬಂದಿಲ್ಲ?" ಎಂದರು. ನನಗೆ ಅರ್ಥವಾಗಲಿಲ್ಲ. ನೀನು ನಾಲ್ಕು ಸಲ ಅಲ್ಲಿಗೆ ಹೋಗಿದ್ದೆಯಂತೆ! ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಅವರ ಕಾಲು ನೀವಿದ್ದೆಯಂತೆ. ಶಿವಮೊಗ್ಗ ರಸ್ತೆಯ ಬಸ್ಸು ಹತ್ತಿ, ಬೋರ್ಡು ಯಾರನ್ನೋ ಕೇಳಿಕೊಂಡು, ನನಗೆ ಸಂತೆಗೆ ಎಂದು ಹೇಳಿ... ನೀನು ತೀರಿಕೊಂಡದ್ದನ್ನು ಹೇಳಿದೆ. ಬಂದ ಕಾರಣವನ್ನೂ ಹೇಳಿದೆ.

"ಆಕಿ ನನ್ ಮುಂದೆ ಅತ್ಲು," ಎಂದರು ಗಂಗಮ್ಮ. "ತಪ್ಪು ನಂದೇ, ನನ್ ಮಗಳು ಚಲೋತ್ನಾಗೆ ಮಾಡಿಕೊಟ್ಟಿದ್ಲು, ನನಗೇ ಬಳಸಾಕೆ ಬರಲಿಲ್ಲ ಅಂದ್ಲು. ಹೋಗ್ಲಿ ಬಿಡವ್ವ, ಕ್ಷಮಿಸೀನಿ ಅಂದೆ. ಏನೂ ಮಾಡ್ದಾಕಿಗೆ ಕ್ಷಮಿಸೀನಿ ಅಂದ್ನಲ್ಲ, ನಾನೆಂಥಾಕಿ!"

"ನೀವೇನು ಮಾಡೀರಿ? ಮಾಡಿದ್ದು ನಾನು" ಎಂದೆ.

"ಹೌದು, ನೀನೇ" ಎಂದರು. ಒಳಗಿನಿಂದ ಬಂದ ಅವರ ಮಗ ಬಾಗಿಲಿಗೆ ಒರಗಿ ನಿಂತಿದ್ದ. ಅವತ್ತು ಅಷ್ಟು ಕೂಗಾಡಿದವನು ನೆಲ ನೋಡುತ್ತಿದ್ದ.

ಮೊನ್ನೆ ಬೆಳಿಗ್ಗೆ ಗಂಗಮ್ಮ ಮಗನ ಜೊತೆ ಬಸ್ಸಿಳಿದು ನಿನ್ನ ಲ್ಯಾಬಿಗೆ ಬಂದರು. ನನಗೆ ಬಾ ಎಂದು ಫೋನ್ ಮಾಡಿಸಿದ್ದರು. ಸಕ್ಕರೆ ಪರೀಕ್ಷೆಗೆ ಜನ ತುಂಬಿದ್ದ ಹೊತ್ತು. ಅವತ್ತು ನಿನ್ನನ್ನು ಬೈದ ಜಾಗ ಇದೇನಾ ಎಂದು ಮಗನನ್ನು ಕೇಳಿ, ಅಲ್ಲೇ ನಿಂತು, ನಿನ್ನ ಹೆಸರು ಹಿಡಿದು ಹೇಳಿದರು. "ಇಲ್ಲಿ ಸರೋಜಮ್ಮ ಅಂತ ಇದ್ಲು. ಆಕಿ ತಪ್ಪು ಮಾಡಿರ್ಲಿಲ್ಲ. ಕಂಪ್ಯೂಟರ್ ತಪ್ಪು ಮಾಡಿತ್ತು. ಆಕಿನ್ನ ಸುಮ್ಸುಮ್ನೆ ಮನೆಗೆ ಕಳ್ಸಿದ್ರು." ಡಾಕ್ಟರು ಹೊರಗೆ ಬಂದು, "ಅಜ್ಜಿ, ಒಳಗೆ ಬರ್ರಿ, ಕೂತು ಮಾತಾಡೋಣ" ಎಂದರು. "ಅವತ್ತು ಹೊರಗೇ ಬೈದ್ರಿ. ಇವತ್ತು ಹೊರಗೇ ಕೇಳ್ರಿ" ಎಂದರು ಗಂಗಮ್ಮ. ಅವರ ಮಗ, ಅವತ್ತು ತಾನು ಆಡಿದ ಮಾತು ತಪ್ಪು ಎಂದ. ನಾನು, ಆ ಕಂಪ್ಯೂಟರಿನ ತಪ್ಪು ಬರೆದವಳು ನಾನೇ, ಸರೋಜಮ್ಮನ ಮಗಳು ಎಂದೆ. ಎಲ್ಲರಿಗೂ ಕೇಳಿಸಿತು.

ಏನಾಯಿತು ಎನ್ನುತ್ತೀಯಾ? ಏನೂ ಆಗಲಿಲ್ಲ. ಒಬ್ಬರು ಅಯ್ಯೋ ಪಾಪ ಎಂದರು. ಒಬ್ಬರು ನನ್ನ ರಿಪೋರ್ಟ್ ಎಷ್ಟು ಹೊತ್ತಿಗೆ ಸಿಗತೈತ್ರಿ ಎಂದು ಕೇಳಿದರು. ಡಾಕ್ಟರು ಒಳಗೆ ಹೋದರು, ಮುಂದಿನವರ ಹೆಸರು ಕೂಗಿದರು. ಮೆಟ್ಟಿಲಿಳಿಯುವಾಗ ಗಂಗಮ್ಮ ನನ್ನ ಭುಜ ಹಿಡಿದುಕೊಂಡರು. ನಾನು ಮಾತಾಡಲು ಬಾಯಿ ತೆರೆಯುವುದರೊಳಗೇ, "ನಿನ್ ಸಲುವಾಗಿ ಬಂದಿಲ್ಲ ನಾನು. ಆಕಿ ಸಲುವಾಗಿ ಬಂದೀನಿ. ನಿನ್ ಮ್ಯಾಲಿನ ಸಿಟ್ಟು ನಂಗಿನ್ನೂ ಇಳಿದಿಲ್ಲ" ಎಂದರು. ನ್ಯಾಯವಾದ ಮಾತು. ಮುಂದಿನ ಭಾನುವಾರವೂ ಹೋಗುತ್ತೇನೆ, ಅದರ ಮುಂದಿನದಕ್ಕೂ. ಅವರು ಮಾತಾಡಿಸಲಿ, ಬಿಡಲಿ, ಕಟ್ಟೆಯ ಮೇಲೆ ಕೂತು ಬರುತ್ತೇನೆ.

ನೀನಾಗಿದ್ದರೆ ಬಾಗಿಲಲ್ಲೇ ತಡೆದು, ಹೋಗಲಿ ಬಿಡು, ಊಟ ಮಾಡೇ ಎನ್ನುತ್ತಿದ್ದೆ. ನನಗೆ ಗೊತ್ತು. ಅದನ್ನೇ ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ. ಎಲ್ಲಿದ್ದರೂ ಸರಿ, ಇದೊಂದು ಸಲ ನನ್ನ ಮೇಲೆ ಸ್ವಲ್ಪ ಸಿಟ್ಟು ಮಾಡಿಕೋ ಅವ್ವಾ. ಬೇಗ ಕ್ಷಮಿಸಬೇಡ.

ನಿನ್ನ ಮಗಳು,
ಸುಧಾ