ಬೀಳುವ ಪಾಠ

ಮಾರ್ಚ್ ಹನ್ನೊಂದು, ಮಂಗಳವಾರ
ತಾಲೀಮು ಕೋಣೆ, ಮಧ್ಯಾಹ್ನದ ಬಿಡುವು

ಅಕ್ಕಾ,

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಉತ್ತರ ಬರೆಯದ ತಮ್ಮನನ್ನು ನೀನು ಏನೇನು ಬೈದಿರಬಹುದು ಎಂದು ಊಹಿಸಬಲ್ಲೆ. ಅದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತದೆ. ಉಳಿದ ಕಾಲು ಪಾಲನ್ನು ಇದನ್ನು ಓದಿದ ಮೇಲೆ ಸೇರಿಸಿಕೋ. ಕೈಗೆ ನೋವಿರಲಿಲ್ಲ, ಮೈಗೆ ಜ್ವರವಿರಲಿಲ್ಲ, ಮನೆಯಲ್ಲಿ ಕಾಗದಕ್ಕೆ ಬರವಿರಲಿಲ್ಲ. ಬರೆಯಲು ಮೋರೆಯಿರಲಿಲ್ಲ, ಅಷ್ಟೇ. ಭಾವನ ಬೆನ್ನು ಹೇಗಿದೆ? ಚೂಟಿಗೆ ಪರೀಕ್ಷೆ ಹತ್ತಿರ ಬಂತಲ್ಲ, ಲೆಕ್ಕದಲ್ಲಿ ಫೇಲಾದರೂ ಮಾವನ ಹಾಗೆ ಎಂಟರವರೆಗೆ ಎಣಿಸುವ ಕೆಲಸವಾದರೂ ಸಿಗುತ್ತದೆ, ಹೆದರಬೇಡ ಎಂದು ಹೇಳು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಇಪ್ಪತ್ತೆರಡು ವರ್ಷ ನೀನು ಇದ್ದೀಯೋ ಸತ್ತೆಯೋ ಎಂದು ವಿಚಾರಿಸದ ನಿನ್ನ ಹಳೇ ಜೊತೆಗಾರ ಕೊಕ್ಕರೆ, ಈಗ ಹೊಸ ಬ್ಯಾಲೆಯ ಮೊದಲ ಪ್ರದರ್ಶನಕ್ಕೆ ಮೊದಲ ಸಾಲಿನ ಟಿಕೆಟ್ಟು ಕಳಿಸಿದ್ದಾನೆ. ಜೊತೆಗೆ ಚೀಟಿ: "ನೀನು ಬರಲೇಬೇಕು. ಇದು ನಿನ್ನದೇ." ಅದನ್ನು ನಕಲು ಮಾಡಿ ಕಳಿಸಿ, "ಹೋಗ್ಲೇನೋ, ಬೇಡ್ವೇನೋ? ನೀನೇ ಹೇಳು, ನೀನು ಅಲ್ಲೇ ಇರೋನು" ಎಂದು ಬರೆದಿದ್ದೀಯ.

ಬರಬೇಡ.

ಯಾಕೆ ಎಂದು ಹೇಳದಿದ್ದರೆ ನೀನು ಬಂದೇ ಬರುತ್ತೀಯ, ನಿನ್ನ ಜಾಯಮಾನವೇ ಅದು. ಅದಕ್ಕೇ ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

ಭಾವ ಹೋದ ಸಲವೂ ನನ್ನ ಹೊಟ್ಟೆ ನೋಡುತ್ತ, "ಅಲ್ಲಯ್ಯಾ, ನೀನೂ ಕುಣೀತೀಯೇನು ಅಲ್ಲಿ?" ಎಂದರು. ಅವರಿಗೆ ಇಷ್ಟು ಓದಿ ಹೇಳು. ಕುಣಿಯುವವರು ಇಪ್ಪತ್ತನಾಲ್ಕು ಹುಡುಗಿಯರು, ಎಂಟು ಹುಡುಗರು. ಕುಣಿಸುವವನು ಕೊಕ್ಕರೆ. ಗೋಡೆ ಪಕ್ಕ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಯಾವ ಎಣಿಕೆಗೆ ಯಾರು ಯಾವ ಕಾಲು ಎತ್ತಿದರು ಎಂದು ಪುಸ್ತಕದಲ್ಲಿ ಬರೆದಿಡುವವನು ನಾನು. ಇವತ್ತು ಕಟ್ಟಿದ್ದನ್ನು ನಾಳೆ ಕೊಕ್ಕರೆಯೇ ಮರೆಯುತ್ತಾನೆ, ಪುಸ್ತಕ ಮರೆಯುವುದಿಲ್ಲ. ಹುಡುಗಿಯರಿಗೆ ನೆನಪಿರಲಿ ಎಂದು ಪ್ರತಿ ಹೆಜ್ಜೆಗೂ ಒಂದು ಪ್ರಾಸ ಹೊಸೆದು ಕೊಡುತ್ತೇನೆ. "ಏಳು ಎಂಟು, ಮಂಡಿಗೆ ಗಂಟು" ಎಂದರೆ ಹಿಂದಿನ ಸಾಲಿನವಳು, "ಸಾರ್, ನಿಜವಾಗ್ಲೂ ಗಂಟಾಗಿದೆ, ಮುಟ್ಟಿ ನೋಡಿ" ಎನ್ನುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದಕ್ಕೆ ಈ ಭೂಮಿಯ ಮೇಲೆ ಸಿಕ್ಕ ಏಕೈಕ ಉಪಯೋಗ ಇದು. ಎಲ್ಲರೂ ನನ್ನನ್ನು ಪ್ರಾಸಪ್ಪ ಎನ್ನುತ್ತಾರೆ.

ಕೊಕ್ಕರೆ ಎಂಬ ಹೆಸರು ನೀನೇ ಇಟ್ಟದ್ದು. ಉದ್ದ ಕಾಲು, ಉದ್ದ ಕತ್ತು, ಒಂಟಿ ಕಾಲಲ್ಲಿ ನಿಂತು ಮೀನು ಕಾಯುವ ಕಣ್ಣು. ನಿನ್ನ ಜೊತೆ ರಾಜಕುಮಾರನಾಗಿ ಕುಣಿಯುತ್ತಿದ್ದವನು, ನೀನು ನಿಲ್ಲಿಸಿದ ಎರಡನೆಯ ವರ್ಷ ತಾನೂ ಕುಣಿಯುವುದನ್ನು ಬಿಟ್ಟು, ನೃತ್ಯ ಸಂಯೋಜಕನಾದ. ಹೊಸ ಕಥೆ ಕಟ್ಟುವ ಶಕ್ತಿ ಅವನಿಗಿಲ್ಲ ಎಂದು ಅವನಿಗೆ ಬೇಗ ತಿಳಿಯಿತು, ಅದು ಅವನ ಅದೃಷ್ಟ. ನೂರು ವರ್ಷದ ಹಳೇ ಬ್ಯಾಲೆಗಳನ್ನು ತೆಗೆದು, ಅರಮನೆ ಕೆಡವಿ, ಅಲ್ಲಿ ಇನ್ನೇನನ್ನೋ ನಿಲ್ಲಿಸಿದ. ಮೊದಲನೆಯದು ಶಾಪ ತಗಲಿ ಹಕ್ಕಿಯಾದ ರಾಜಕುಮಾರನ ಕಥೆ, ಅದನ್ನು ಬಸ್ ಡಿಪೋಗೆ ತಂದ. ಸುಳ್ಳು ಹೇಳಬಾರದು, ಅಕ್ಕಾ, ಅದನ್ನು ನೋಡಿ ನಾನು ಅತ್ತೆ. ಡ್ರೈವರು ಸ್ಟೇರಿಂಗ್ ತಿರುಗಿಸುವ ಕೈ ಹಾಗೇ ರೆಕ್ಕೆಯಾಗುತ್ತಿತ್ತು. ಮೂರು ವಾರ ಡಿಪೋದಲ್ಲಿ ಕೂತು ಅವನು ಆ ಕೈ ಕಲಿತಿದ್ದ.

ಆಗ ಅವನೇ ಒಂದು ಪದ್ಧತಿ ಮಾಡಿದ. ಹೆಜ್ಜೆ ಯಾರಿಂದ ಬಂತೋ ಅವರನ್ನು ನಾನು ಪುಸ್ತಕದ ಎಡ ಅಂಚಿನಲ್ಲಿ ಬರೆಯಬೇಕು. "ಶೂನ್ಯದಿಂದ ಹೆಜ್ಜೆ ಹುಟ್ಟಲ್ಲ ಪ್ರಾಸಪ್ಪ, ಯಾರ್ದೋ ಮೈಯಿಂದ ತಗೊಂಡಿರ್ತೀವಿ. ಬರ್ದಿಡು" ಎನ್ನುತ್ತಿದ್ದ. ಹಳೇ ಪುಸ್ತಕಗಳ ಅಂಚು ನೋಡಬೇಕು ನೀನು: ಡಿಪೋ ತೊಳೆಯುವವನು, ಮೀನು ಮಾರುವವಳು, ಪೋಸ್ಟ್‌ಮ್ಯಾನ್, ಕುಂಟ ಪೇಂಟರ್. ಮೊದಲ ಪ್ರದರ್ಶನಕ್ಕೆ ಅವರನ್ನೆಲ್ಲ ಕರೆದು, ಕೊನೆಯಲ್ಲಿ ರಂಗದ ಮೇಲೆ ಹತ್ತಿಸಿ ಕೈಮುಗಿಯುತ್ತಿದ್ದ.

ಆಮೇಲೆ ರೆಕ್ಕೆಯ ಮೋಹಿನಿ ದೆವ್ವಗಳ ಬ್ಯಾಲೆಯನ್ನು ಆಸ್ಪತ್ರೆಗೆ ಹಾಕಿದ. ರೆಕ್ಕೆಯ ಬದಲು ಸಲೈನ್ ಸ್ಟ್ಯಾಂಡು. ನರ್ಸುಗಳ ನಡಿಗೆಗೆ ಬಹುಮಾನ ಬಂತು, ನರ್ಸುಗಳಿಗೆ ಟಿಕೆಟ್ಟೂ ಬರಲಿಲ್ಲ. ಅಂಚಿನಲ್ಲಿ ಬರೆಯುವುದನ್ನು ನಾನು ಬಿಡಲಿಲ್ಲ, ಅದನ್ನು ಓದುವುದನ್ನು ಅವನು ಬಿಟ್ಟ. ಈಗ ಅವನಿಗೊಂದು ಸ್ಕಾರ್ಫು, ಸ್ಕಾರ್ಫಿಗೊಂದು ಸುಗಂಧ, ಸುಗಂಧದ ಹಿಂದೆ ಹತ್ತು ಹಿಂಬಾಲಕರು. "ಹಳತನ್ನು ಮರುಕಲ್ಪಿಸುವ ಮಾಂತ್ರಿಕ" ಎಂದು ಪತ್ರಿಕೆಯವರು ಬರೆಯುತ್ತಾರೆ. ಆ ಮಾಂತ್ರಿಕ ತಾಲೀಮಿನ ನಡುವೆ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಪಿಯಾನೋ ಮೇಲೆ ಬಿಸಾಡುತ್ತಾನೆ. ಬೆಳಿಗ್ಗೆ ನೋಡಿದರೆ ಅದು ಕಪ್ಪಾಗಿ, ನೊಣ ಮುತ್ತಿಕೊಂಡು, ಸಪ್ತಸ್ವರದ ಮೇಲೆ ಅಂಗಾತ ಮಲಗಿರುತ್ತದೆ. ನೆಲದ ತುಂಬ ಹುಡುಗಿಯರ ಬೆರಳಿನಿಂದ ಕಿತ್ತ ರಕ್ತದ ಪ್ಲಾಸ್ಟರು. ಕನ್ನಡಿ ತುಂಬ ಅಂಗೈ ಜಿಡ್ಡು. ಇಷ್ಟು ವರ್ಷ ಈ ಕೋಣೆಯ ಬೆವರಿನ ವಾಸನೆ ನನಗೆ ದುಡಿಮೆಯ ವಾಸನೆಯಾಗಿತ್ತು. ಈಗ ಬಾಗಿಲು ತೆಗೆದರೆ ಓಕರಿಕೆ ಬರುತ್ತದೆ.

ಬಿಡುವು ಮುಗಿಯಿತು, ಕೂಗುತ್ತಿದ್ದಾರೆ.

ಹದಿಮೂರು, ಗುರುವಾರ

ಮುಂದುವರಿಸುತ್ತೇನೆ. ಈ ಸಲ ಅವನು ಎತ್ತಿಕೊಂಡಿರುವುದು ನಿನ್ನ ಬ್ಯಾಲೆ. ನದಿಯ ದಡದಲ್ಲಿ ದೀಪ ಹಿಡಿದು ದೋಣಿಗಾರನನ್ನು ಕಾಯುವ ರಾಜಕುಮಾರಿ. ಹೆಸರು ಬದಲಾಗಿದೆ, "ಪಾಳಿ" ಎಂದು. ದಡ ಹೋಗಿ ಬಟ್ಟೆ ಕಾರ್ಖಾನೆ ಬಂದಿದೆ. ನದಿಯ ಜಾಗದಲ್ಲಿ ನೀಲಿ ಬಟ್ಟೆಯ ಥಾನು, ಸಖಿಯರ ಜಾಗದಲ್ಲಿ ಇಪ್ಪತ್ತನಾಲ್ಕು ಕೆಲಸದ ಹೆಂಗಸರು, ದೀಪದ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ರಾಜಕುಮಾರಿಯರು ಯಾರಿಗೆ ಬೇಕು, ಇಸ್ತ್ರಿ ಎಲ್ಲರಿಗೂ ಬೇಕು.

ಆದರೆ ಮೂರನೆಯ ಅಂಕ. ನೆನಪಿದೆಯಲ್ಲ? ಹದಿನಾರು ಸುತ್ತು, ಒಂಟಿ ಕಾಲಿನ ಮೇಲೆ. ಆ ದಿನ ನೀನು ಹನ್ನೊಂದನೆಯ ಸುತ್ತಿಗೆ ಬಿದ್ದೆ. ತುಂಬಿದ ಸಭಾಂಗಣದೆದುರು ಮಂಡಿ ಮುರಿಯಿತು, ಪರದೆ ಇಳಿಸಿದರು, ಅಲ್ಲಿಗೆ ನಿನ್ನ ಕುಣಿತವೂ ಇಳಿಯಿತು. ಈಗ ನೀನು ಜೆರಾಕ್ಸ್ ಅಂಗಡಿಯ ಎತ್ತರದ ಕುರ್ಚಿಯ ಮೇಲೆ ಕಾಲು ಚಾಚಿ ಕೂತು ಬೇರೆಯವರ ಕಾಗದಕ್ಕೆ ನಕಲು ತೆಗೆಯುತ್ತೀಯ. ಇಲ್ಲಿ ಇವನು ನಿನ್ನ ನಕಲು ತೆಗೆದಿದ್ದಾನೆ. "ಪಾಳಿ"ಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರೂ ಸಾಲಾಗಿ ಹತ್ತು ಸುತ್ತು ಸುತ್ತುತ್ತಾರೆ. ಹನ್ನೊಂದಕ್ಕೆ ಬೀಳುತ್ತಾರೆ, ಒಬ್ಬಳಾದ ಮೇಲೆ ಒಬ್ಬಳು, ಎಡ ಮಂಡಿ ಒಳಗೆ ಮಡಚಿ, ಸೊಂಟ ನೆಲಕ್ಕೆ ಬಡಿದು. ಆಮೇಲೆ ಇನ್ನೂ ಏನೇನೋ ಇದೆ, ಬಿಡು.

ನಿನ್ನೆ ಪತ್ರಿಕೆಯವರಿಗೂ ಪ್ರಾಯೋಜಕರಿಗೂ ತೋರಿಸಿದೆವು. ಪ್ರಾಯೋಜಕರು ಯಾರು ಗೊತ್ತೇ? ಹಾಸಿಗೆ ಕಂಪನಿ. ಬೀಳುವ ಬ್ಯಾಲೆಗೆ ಹಾಸಿಗೆಯವರ ಆಸರೆ! ನಾನು ಹೊಸೆದಿದ್ದರೂ ಇಷ್ಟು ಚೆನ್ನಾಗಿ ಪ್ರಾಸ ಕೂಡುತ್ತಿರಲಿಲ್ಲ. ಎಂಟನೆಯವಳು ಬೀಳುವಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ಹದಿನೈದನೆಯವಳಿಗೆ ಎದ್ದು ನಿಂತರು. ಕಂಪನಿಯ ಯಜಮಾನ ಗೋಡಂಬಿ ಅಗಿಯುತ್ತ, "ಎಷ್ಟ್ ಚೆನ್ನಾಗ್ ಬೀಳ್ತಾರ್ರೀ! ಇನ್ನೊಂದ್ಸಲ ಬೀಳ್ಸಿ" ಎಂದ. ಬೀಳಿಸಿದರು. ಕೊನೆಯವಳ ಮೊಣಕೈ ಸುಲಿದು ನೆಲಕ್ಕೆ ಕೆಂಪು ಗೀರಾಯಿತು, ಅದನ್ನೂ ಫೋಟೋ ತೆಗೆದುಕೊಂಡರು.

ಪತ್ರಿಕೆಯ ಹೆಂಗಸು ಕೊಕ್ಕರೆಯನ್ನು ಕೇಳಿದಳು, "ಈ ಪತನ ಎಲ್ಲಿಂದ ಬಂತು ಸಾರ್?" ಅವನು ಕಣ್ಣು ಮುಚ್ಚಿ, ಸ್ಕಾರ್ಫು ಸವರಿ, "ಒಳಗಿನಿಂದ" ಎಂದ. ಯಾರ ಒಳಗಿನಿಂದ, ಅದನ್ನು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಹತ್ತಿರ ಹಿಡಿದೆ.

"ಅಕ್ಕನ್ನ ಒಂದ್ ಮಾತು ಕೇಳಿದ್ಯೇನೋ?"

"ಕೇಳೋದೇನು? ಟಿಕೆಟ್ ಕಳ್ಸಿದ್ದೀನಲ್ಲ. ಮೊದಲನೇ ಸಾಲು."

"ಅವಳು ಕಾಲು ಕಳ್ಕೊಂಡಿದ್ದು ಕಣೋ ಅದು."

"ಅಲ್ಲೇ ಇರೋದು ನೋಡು ವಿಷಯ. ಅವ್ಳು ಕಳ್ಕೊಂಡಿದ್ದನ್ನ ನಾನು ಉಳಿಸ್ದೆ. ಕೊನೇಲಿ ಅವಳ ಮೇಲೆ ಬೆಳಕು ಬಿಡಿಸ್ತೀನಿ, ನಿಂತ್ಕೊಂಡು ಕೈ ಬೀಸ್ಲಿ. ನಿಂತ್ಕೊಳೋಕಾಗತ್ತಲ್ವಾ?"

ನಿಂತುಕೊಳ್ಳಲು ಆಗುತ್ತದಲ್ಲವೇ ಎಂದು ಕೇಳಿದ, ಅಕ್ಕಾ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಅವನಿಗೆ ಹೇಳಬೇಕಾಗಿದ್ದ ಹದಿನೇಳು ಮಾತು ಹೊಳೆದವು, ಎಲ್ಲಕ್ಕೂ ಪ್ರಾಸವಿತ್ತು.

ಆದ್ದರಿಂದ ಬರಬೇಡ. ಆ ಟಿಕೆಟ್ಟನ್ನು ನಿನ್ನ ಯಂತ್ರಕ್ಕೆ ಹಾಕಿ ನೂರು ನಕಲು ತೆಗೆದು ಚೂಟಿಗೆ ಕೊಡು, ಹಿಂಬದಿಯಲ್ಲಿ ಲೆಕ್ಕ ಮಾಡಲಿ. ನಿನ್ನ ನೋವಿಗೆ ಚಪ್ಪಾಳೆ ಬೀಳುವುದನ್ನು ನೀನು ಮೊದಲ ಸಾಲಿನಲ್ಲಿ ಕೂತು ನೋಡಬೇಕಾಗಿಲ್ಲ. ಹೇಸಿಗೆಯೆಲ್ಲ ನನ್ನ ಪಾಲಿಗಿರಲಿ, ರೂಢಿಯಿದೆ.

ಚೂಟಿಗೆ ಸಾವಿರ ವರ್ಷದ ಆಯಸ್ಸು, ಅದರಲ್ಲಿ ಒಂದು ವರ್ಷವಾದರೂ ಲೆಕ್ಕದಲ್ಲಿ ಪಾಸು. ಭಾವನ ಬೆನ್ನಿಗೆ ಬಲ, ನಿನ್ನ ಅಂಗಡಿಗೆ ಗಿರಾಕಿ. ದೊಡ್ಡವಳಾದ ನಿನ್ನನ್ನು ನಾನು ಹರಸುವಂತಿಲ್ಲ, ಇಲ್ಲಿಂದಲೇ ಕಾಲು ಮುಟ್ಟುತ್ತೇನೆ. ಬಲಗಾಲನ್ನೂ, ಎಡಗಾಲನ್ನೂ.

ನಿನ್ನ ತಮ್ಮ

ಮಡಚಿದ್ದನ್ನು ಬಿಚ್ಚಿ ಬರೆದದ್ದು: ಇದನ್ನು ಭಾವನಿಗೆ ಓದಬೇಡ.

ನೀನು ಬಿದ್ದದ್ದನ್ನು ಇಡೀ ಸಭಾಂಗಣ ನೋಡಿತ್ತು. ಪರದೆ ಇಳಿದ ಮೇಲಿನದನ್ನು ನೋಡಿದವನು ರಂಗದ ಬದಿಯಲ್ಲಿ ನಿನ್ನ ನೀರಿನ ಬಾಟಲಿ ಹಿಡಿದು ನಿಂತಿದ್ದ ನಾನೊಬ್ಬನೇ. ಕೊಕ್ಕರೆ ಆಗ ಒಳಗೆ ವೇಷ ಬದಲಿಸುತ್ತಿದ್ದ. ನೀನು ಅಳಲಿಲ್ಲ. ಎರಡೂ ಕೈಯಿಂದ ಲಂಗವನ್ನು ಮಂಡಿಯ ಮೇಲೆ ಎಳೆದುಕೊಂಡು, ನೆರಿಗೆ ಸವರಿ ಸರಿಮಾಡಿದೆ. ಕೈಚಾಚಿ, ಉರುಳಿದ್ದ ದೀಪವನ್ನು ನೆಟ್ಟಗೆ ಇಟ್ಟೆ. ಕೂಗಿದ್ದು ಅದಾದ ಮೇಲೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಲಂಗ ಎಳ್ಕೊಂಡಿದ್ದು ಯಾರಿಗೂ ಹೇಳ್ಬೇಡ ಕಣೋ. ಕಾಲು ಮುರಿದ್ರೂ ಮಾನ ಮುಚ್ಕೊಂಡ್ಳು ಅಂತ ನಗ್ತಾರೆ" ಎಂದೆ. ನಾನು ನಿನ್ನ ತಲೆ ಮುಟ್ಟಿ ಆಣೆ ಮಾಡಿದೆ.

"ಪಾಳಿ"ಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರೂ ಬಿದ್ದ ಮೇಲೆ ಲಂಗ ಸವರುತ್ತಾರೆ, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ಇಡುತ್ತಾರೆ. ನೀನು ಹೇಳಿದಂತೆಯೇ ಜನ ನಗುತ್ತಾರೆ. ನಕ್ಕು, ಆಮೇಲೆ ಚಪ್ಪಾಳೆ ತಟ್ಟುತ್ತಾರೆ. ಮೊದಲ ಸಾಲಿನಲ್ಲಿ ಕೂತರೆ ನಿನಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು, ಇದನ್ನು ಹೇಳಿಕೊಟ್ಟವನು ಯಾರು ಎಂದು.

ಜನವರಿಯಲ್ಲಿ ಒಂದು ಬೆಳಿಗ್ಗೆ. ಹುಡುಗಿಯರು ಹೂ ಉದುರಿದ ಹಾಗೆ ಚೆಂದವಾಗಿ ಬೀಳುತ್ತಿದ್ದರು. ಕೊಕ್ಕರೆ ಕೂಗಾಡಿದ, "ನಿಮ್ಗೆ ಬೀಳಕ್ಕೇ ಬರಲ್ವಲ್ರೇ!" ಆಮೇಲೆ ನನ್ನ ಕಡೆ ತಿರುಗಿ, "ನೀನು ಹತ್ರದಿಂದ ನೋಡಿದ್ಯಲ್ಲ ಪ್ರಾಸಪ್ಪ. ಎದ್ದು ಬಾ, ತೋರ್ಸು" ಎಂದ. ಹತ್ತೊಂಬತ್ತು ವರ್ಷದಲ್ಲಿ ಆ ಸ್ಟೂಲಿನಿಂದ ಎದ್ದು ಬಾ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಎದ್ದೆ. ಕೋಣೆಯ ನಡುವೆ ನಿಂತೆ, ಕನ್ನಡಿಯಲ್ಲಿ ಹೊಟ್ಟೆ ಕಂಡಿತು, ಆದರೂ ಸುತ್ತಿದೆ, ಬಿದ್ದೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಇಲ್ಲದ ಲಂಗವನ್ನು ಎಳೆದುಕೊಂಡೆ, ಸವರಿದೆ. ಇಲ್ಲದ ದೀಪ ಎತ್ತಿ ಇಟ್ಟೆ. ಮೂವತ್ತೆರಡು ಜನವೂ ಚಪ್ಪಾಳೆ ತಟ್ಟಿದರು. ಹಿತವಾಗಿತ್ತು, ಅಕ್ಕಾ. ತುಂಬ ಹಿತವಾಗಿತ್ತು.

ಮಾರನೆಯ ದಿನ ಪ್ರಾಸವನ್ನೂ ಹೊಸೆದುಕೊಟ್ಟೆ.

ಒಂದು ಎರಡು, ಕಾಲು ಕೊರಡು,
ಮೂರು ನಾಲ್ಕು, ನೆಲವೇ ಸಾಕು,
ಐದು ಆರು, ಲಂಗ ಸವರು,
ಏಳು ಎಂಟು, ದೀಪ ಉಂಟು.

ಮೊದಲ ಪ್ರದರ್ಶನದ ದಿನವೂ ರಂಗದ ಬದಿಯಲ್ಲಿ ನಿಂತು ಇದನ್ನು ಪಿಸುಗುಡುವವನು ನಾನೇ. ಐದು ಆರು ಎನ್ನುವಾಗ ನೀನು ಎದುರಿಗಿದ್ದರೆ ನನ್ನ ಬಾಯಿ ಕಟ್ಟುತ್ತದೆ. ಬರಬೇಡ ಎಂದದ್ದು ಅದಕ್ಕೆ, ನಿನ್ನ ನೋವಿಗೆ ಹೆದರಿ ಅಲ್ಲ. ಈಗ ಎಲ್ಲ ಗೊತ್ತಾಯಿತಲ್ಲ. ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಆ ಹೆಜ್ಜೆ ಬರೆಯುವಾಗ ಕೊಕ್ಕರೆ ಬಹಳ ವರ್ಷದ ಮೇಲೆ ಪುಸ್ತಕಕ್ಕೆ ಬಗ್ಗಿ ನೋಡಿ, "ಅಂಚಲ್ಲಿ ನಿನ್ ಹೆಸ್ರೇ ಹಾಕ್ಕೋ, ನೀನೇ ತಂದಿದ್ದಲ್ವಾ" ಎಂದ. ಹಾಕಿಕೊಂಡೆ. ಇಷ್ಟು ವರ್ಷದ ಅಷ್ಟೂ ಪುಸ್ತಕಗಳಲ್ಲಿ ಪ್ರಾಸಪ್ಪ ಎಂದು ಬರೆದಿರುವುದು ಅದೊಂದೇ ಕಡೆ. ಇವತ್ತು ಬೆಳಿಗ್ಗೆ ಅದನ್ನು ಹೊಡೆದು ಅಕ್ಕ ಎಂದು ಬರೆಯೋಣವೆಂದು ಪೆನ್ನು ತೆಗೆದೆ. ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. ಹೊಡೆಯಲಿಲ್ಲ.