ಅತ್ತೆಯ ಶಾಲಿನಲ್ಲಿ ಒಂಬತ್ತು ಆಲೂಗಡ್ಡೆ

ಜುಲೈ 19, ಚಿಂಚೆರೊ

ಕೊಳೆತ ವಾಸನೆ ಇನ್ನೂ ಮೂಗಿನಲ್ಲೇ ಇದೆ. ಬಿತ್ತನೆ ಆಲೂಗಡ್ಡೆಗೆ ಹುಳು ಹತ್ತದಿರಲೆಂದು ಘಾಟು ವಾಸನೆಯ ಮುನ್ಯಾ ಸೊಪ್ಪಿನ ರಸ ಸಿಂಪಡಿಸಿ, ಒಣಗುವ ಮೊದಲೇ ರಾಶಿ ಹಾಕಿದವಳು ನಾನು. ಅತ್ತೆ ಸತುರ್ನಿನಾ ತಮ್ಮ ರಾಶಿಗೆ ಎಂದಿನಂತೆ ಒಣ ಸೊಪ್ಪನ್ನೇ ಹಾಸಿದ್ದರು.

ಬೆಳಿಗ್ಗೆ ಅವರು ಶಾಲಿನಲ್ಲಿ ಏನೋ ಮುಚ್ಚಿಕೊಂಡು ಹಿತ್ತಲಿಗೆ ಹೊರಟಿದ್ದರು.

"ಏನತ್ತೆ ಅದು?"

"ಗಿನಿಇಲಿಗಳಿಗೆ ಸೊಪ್ಪು ಕಣೇ."

ಶಾಲಿನಿಂದ ಗಬ್ಬು ನೀರು ಸೋರುತ್ತಿತ್ತು. ಬಿಚ್ಚಿದರೆ ನನ್ನ ರಾಶಿಯಲ್ಲಿ ಕೊಳೆತ ಒಂಬತ್ತು ಗಡ್ಡೆಗಳು. ತಮ್ಮ ಮಗ, ಅಂದರೆ ನನ್ನ ಗಂಡ, ಏಳುವ ಮೊದಲೇ ಹೂತುಬಿಡಲು ಹೊರಟಿದ್ದರಂತೆ. ನನಗೆ ಅಳು ಬಂತು.

"ಅಳ್ತೀಯಾಕೆ? ನಾನು ಮದುವೆಯಾಗಿ ಬಂದ ವರ್ಷ ಅರ್ಧ ರಾಶೀನೇ ಕೊಳೆಸಿದ್ದೆ. ನಿಂದು ಬರೀ ಒಂಬತ್ತು!"

ಇಬ್ಬರೂ ಸೇರಿ ಉಳಿದದ್ದನ್ನು ಬಿಸಿಲಿಗೆ ಹರಡಿದೆವು. ಸಂಜೆ ಅವರೇ ಕೇಳಿದರು: "ಆ ರಸ ಮಿಕ್ಕಿದೆಯೇನೇ? ನನ್ನ ರಾಶಿಗೂ ಹೊಡಿ. ಈ ಸಲ ಒಣಗಿಸೋದು ನಾನು ನೋಡ್ಕೋತೀನಿ."