‘ಅಪ್ಪನ ಬೈಗುಳ’ವೂ ಇರಲಿ

ಸಭಾಂಗಣದ ಮೇಲ್ವಿಚಾರಕರಿಗೆ ನಮಸ್ಕಾರ.

ಶನಿವಾರ ನನ್ನ ಹಾಡುಗಳ ನಡುವೆ ‘ಅಪ್ಪನ ಬೈಗುಳ’ ಹಾಸ್ಯವೂ ಇರಲಿ. ಬೇಡವೆಂದಿದ್ದವನು ನಾನೇ. ಗಂಟಲಿನ ಆಪರೇಷನ್ನಿನಲ್ಲಿ ಅಪ್ಪನ ದನಿ ಹೋದ ಮೇಲೆ, ಅದೇ ದನಿಯನ್ನು ಅಣಕಿಸಿ ಜನರನ್ನು ನಗಿಸಲು ಮನಸ್ಸಾಗಲಿಲ್ಲ.

ಮೊನ್ನೆ ಅಮ್ಮ, “ಒಂದ್ಸಲ ಅವರ ಹಾಗೆ ಬೈಯೋ, ಮನೆ ಬಿಕೋ ಅಂತಿದೆ” ಅಂದಳು. ಅಪ್ಪನ ಎದುರೇ ಬೈದೆ: “ಹಾಡು ಕಟ್ಟಿದ್ರೆ ಹೊಟ್ಟೆ ತುಂಬುತ್ತೇನೋ, ದಂಡಪಿಂಡ!”

ಅಪ್ಪ ಕೈ ಎತ್ತಿ ತಡೆದರು. ನೊಂದುಕೊಂಡರೇನೋ ಅಂದುಕೊಂಡೆ. ಅದಲ್ಲ, ‘ದಂಡಪಿಂಡ’ ಅನ್ನುವಾಗ ನಾನು ಮೇಜು ಗುದ್ದುವುದನ್ನು ಮರೆತಿದ್ದೆ. ಅವರೇ ಗುದ್ದಿ ತೋರಿಸಿದರು. ಲೋಟ ಉರುಳಿತು.

ಆದ್ದರಿಂದ ವೇದಿಕೆಯ ಮೇಲೆ ಒಂದು ಕುರ್ಚಿ, ಒಂದು ಗಟ್ಟಿ ಮೇಜು ಹಾಕಿಸಿ. ಅಪ್ಪನೂ ಬರುತ್ತಾರೆ. ಮೈಕು ಮಾತ್ರ ಇಬ್ಬರಿಗೂ ಒಂದೇ ಸಾಕು.

ಇಂತಿ,
ಮೇಲೆ ಹೇಳಿದ ದಂಡಪಿಂಡ